ಚಿಕಿತ್ಸಕರ ಮನೋಭಾವ, ಅನುಭವ ಮತ್ತು ವೃತ್ತಿಪಾತ್ರ: ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಆಪ್ತಸಮಾಲೋಚನೆಗೆ ಬರುವವರು, ಅವರನ್ನು ಕರೆತರುವ ಮನೆಯವರು ಮತ್ತು ಈ ವೃತ್ತಿಯನ್ನು ಕಲಿಯುತ್ತಿರುವ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಡಲಾಗಿದೆ. ಮನೋವೈದ್ಯರು, ಚಿಕಿತ್ಸಾ ಮನಶ್ಶಾಸ್ತ್ರಜ್ಞರು, ಮನೋಸಾಮಾಜಿಕ ಕಾರ್ಯಕರ್ತರು, ಆಪ್ತಸಮಾಲೋಚಕರು ಹೀಗೆ ಮಾತಿನ ಮೂಲಕ ಚಿಕಿತ್ಸೆ ನೀಡುವ ಎಲ್ಲರನ್ನೂ ಚಿಕಿತ್ಸಕರು ಎಂದು ಕರೆದಿದ್ದೇವೆ. ಉದಾಹರಣೆಗಳಲ್ಲಿ ಬರುವ ವ್ಯಕ್ತಿಗಳು ಕಲ್ಪಿತರು. ಸಂದರ್ಭಗಳು ಮಾತ್ರ ಈ ಜಿಲ್ಲೆಯಲ್ಲಿ ಕೆಲಸ ಮಾಡುವ ಯಾರಿಗೂ ಹೊಸವಲ್ಲ.

ವಿಧಾನ ಸರಿಯಾಗಿ ಗೊತ್ತಿದ್ದರೆ ಸಾಲದೆ? ಚಿಕಿತ್ಸಕರ ಸ್ವಂತ ಮನೋಭಾವ ಏಕೆ ಮುಖ್ಯವಾಗಬೇಕು?

ಸಾಲದು. ಒಂದೇ ಪಠ್ಯಕ್ರಮವನ್ನು ಓದಿ ಒಂದೇ ವಿಧಾನವನ್ನು ಅನುಸರಿಸುವ ಇಬ್ಬರು ಚಿಕಿತ್ಸಕರಿಂದ ಸಿಗುವ ಫಲ ಒಂದೇ ಆಗಿರುವುದಿಲ್ಲ. ಫಲಿತಾಂಶಗಳಲ್ಲಿ ಕಾಣುವ ಒಟ್ಟು ವ್ಯತ್ಯಾಸದ ಸುಮಾರು ಶೇಕಡ 5ರಷ್ಟು ಭಾಗ ಚಿಕಿತ್ಸಕರು ಯಾರು ಎಂಬುದರಿಂದಲೇ ಬರುತ್ತದೆ ಎಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ಕೇಳಲು ಇದು ಚಿಕ್ಕ ಪ್ರಮಾಣ. ಆದರೆ ಒಬ್ಬ ಚಿಕಿತ್ಸಕರು ತಮ್ಮ ವೃತ್ತಿಜೀವನದಲ್ಲಿ ನೋಡುವ ನೂರಾರು ಜನರ ಲೆಕ್ಕ ಹಿಡಿದರೆ ಅದು ಚಿಕ್ಕದಾಗಿ ಉಳಿಯುವುದಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1957ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಬದಲಾವಣೆ ಆಗಬೇಕಾದರೆ ಚಿಕಿತ್ಸಕರಲ್ಲಿ ಇರಲೇಬೇಕಾದ ಮೂರು ಗುಣಗಳನ್ನು ಹೆಸರಿಸಿದರು: ಒಳಗೊಂದು ಹೊರಗೊಂದು ಇಲ್ಲದಿರುವುದು, ಎದುರಿನವರನ್ನು ಷರತ್ತಿಲ್ಲದೆ ಒಪ್ಪಿಕೊಳ್ಳುವುದು ಮತ್ತು ಅವರ ಅನುಭವವನ್ನು ಅವರ ನೆಲೆಯಿಂದಲೇ ಗ್ರಹಿಸುವುದು. ಈ ಮೂರರಲ್ಲಿ ಒಂದೂ ತಂತ್ರವಲ್ಲ, ಮೂರೂ ಮನೋಭಾವಗಳೇ. ತಂತ್ರಗಳನ್ನು ತರಬೇತಿಯಲ್ಲಿ ಕಲಿಸಬಹುದು. ಮನೋಭಾವವನ್ನು ಮಾತ್ರ ಪ್ರತಿಯೊಬ್ಬರೂ ಮನೆಯಿಂದಲೇ ತಂದಿರುತ್ತಾರೆ. ಏನು ತಂದಿದ್ದೇವೆ ಎಂಬುದು ಬಹುಪಾಲು ಮಂದಿಗೆ ಗೊತ್ತಿರುವುದಿಲ್ಲ.

ಇದು ಕೊಡಗಿನಲ್ಲಿ ಎಲ್ಲಿ ಕಣ್ಣಿಗೆ ಬೀಳುತ್ತದೆ?

ಮೊದಲು ಮದ್ಯದ ವಿಷಯದಲ್ಲಿ. ಇಲ್ಲಿನ ಅನೇಕ ಕುಟುಂಬಗಳಲ್ಲಿ ಮದ್ಯ ಹಬ್ಬದ ಊಟದ ಜೊತೆಗಿರುತ್ತದೆ; ಗುರುಹಿರಿಯರಿಗೆ ಎಡೆ ಇಡುವ ಕಾರಣಂಗ್ ಕೊಡ್ಪ ಆಚರಣೆಯಲ್ಲಿ ಮಾಂಸದ ಅಡುಗೆಯೊಂದಿಗೆ ಅದನ್ನೂ ಅರ್ಪಿಸುತ್ತಾರೆ. ಮದ್ಯವನ್ನು ಮುಟ್ಟದ ಮನೆಯಲ್ಲಿ ಬೆಳೆದು ಹೊರ ಜಿಲ್ಲೆಯಿಂದ ಬಂದ ಚಿಕಿತ್ಸಕರಿಗೆ ಈ ಮಾತು ಕಿವಿಗೆ ಬಿದ್ದ ಕೂಡಲೇ ಇಡೀ ಮನೆಯೇ ಕಾಯಿಲೆಯ ಮನೆಯಂತೆ ಕಾಣಬಹುದು. ಆಗ ಅವರ ಪಾತ್ರ ತಮಗೇ ತಿಳಿಯದಂತೆ ನೀತಿಬೋಧಕರ ಪಾತ್ರವಾಗುತ್ತದೆ, ಎದುರಿಗೆ ಕುಳಿತವರು ಕುಡಿದ ಪ್ರಮಾಣವನ್ನು ಅರ್ಧಕ್ಕೆ ಇಳಿಸಿ ಹೇಳತೊಡಗುತ್ತಾರೆ. ಇದೇ ಊರಿನಲ್ಲಿ ಬೆಳೆದ ಚಿಕಿತ್ಸಕರಲ್ಲಿ ಇದಕ್ಕೆ ತದ್ವಿರುದ್ಧವಾದ ತೊಂದರೆ ಇರುತ್ತದೆ. ಸಂಜೆ ಎರಡು ಪೆಗ್ ಹಾಕುವ ಚಿಕ್ಕಪ್ಪ, ದೊಡ್ಡಪ್ಪಂದಿರನ್ನು ನೋಡುತ್ತ ಬೆಳೆದವರಿಗೆ, ಬೆಳಿಗ್ಗೆ ಎದ್ದಾಗ ಕೈ ನಡುಗುತ್ತದೆ ಎಂದು ನಿವೃತ್ತ ಸುಬೇದಾರರೊಬ್ಬರು ಹೇಳಿದರೂ ಅದು ವಯಸ್ಸಿನ ನಡುಕವೆಂದೇ ತೋರಬಹುದು. ಮದ್ಯ ಬಿಟ್ಟಾಗ ಕಾಣಿಸಿಕೊಳ್ಳುವ ನಡುಕ, ಬೆವರು, ನಿದ್ದೆಗೇಡು ತೀವ್ರವಾದರೆ ಅಪಸ್ಮಾರದಂಥ ಸೆಳೆತದವರೆಗೂ ಹೋಗಬಲ್ಲವು ಎಂದು ಅವರು ಪುಸ್ತಕದಲ್ಲಿ ಓದಿಯೇ ಇರುತ್ತಾರೆ. ಓದಿದ್ದು ಮರೆತಿರುವುದಿಲ್ಲ, ಚಿಕ್ಕಪ್ಪನ ಚಿತ್ರ ಅಡ್ಡ ಬಂದಿರುತ್ತದೆ ಅಷ್ಟೆ.

ಎರಡನೆಯದು ಕೋವಿ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಭೂಮಿ) ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಪರವಾನಗಿಯಿಂದ ವಿನಾಯಿತಿ ಇದೆ. ಕೈಲ್‌ಪೊಳ್ದ್‌ನಂದು, ಅಂದರೆ ಆಯುಧಪೂಜೆಯ ಹಬ್ಬದಂದು, ಪೂಜೆಗೊಳ್ಳುವ ಕೋವಿ ಮನೆಯ ಗೌರವದ ವಸ್ತು. ಜೀವವೇ ಬೇಡವೆನಿಸಿದೆ ಎಂದು ಹೇಳುವ ವ್ಯಕ್ತಿ ಎದುರಿಗಿದ್ದಾಗ, ಮನೆಯಲ್ಲಿ ಕೋವಿ ಇದೆಯೇ, ಅದು ಎಲ್ಲಿದೆ, ಬೀಗದಕೈ ಯಾರ ಬಳಿ ಇದೆ ಎಂದು ಕೇಳುವುದು ಚಿಕಿತ್ಸಕರ ಕರ್ತವ್ಯ. ಸ್ಥಳೀಯರಾದ ಚಿಕಿತ್ಸಕರು ಇದನ್ನು ಕೇಳಲು ಹಿಂಜರಿಯುತ್ತಾರೆ, ಏಕೆಂದರೆ ಪ್ರಶ್ನೆಯೇ ಮನೆತನಕ್ಕೆ ಅವಮಾನ ಮಾಡಿದಂತೆ ಅವರಿಗೆ ತೋರುತ್ತದೆ. ಹೊರಗಿನಿಂದ ಬಂದವರಿಗೆ ಕೇಳಬೇಕೆಂಬುದೇ ಹೊಳೆಯದಿರಬಹುದು. ಕಷ್ಟದ ದಿನಗಳು ಕಳೆಯುವವರೆಗೆ ಕೋವಿಯನ್ನು ಬೀಗದಲ್ಲಿಟ್ಟು ಬೀಗದಕೈಯನ್ನು ಮನೆಯ ಬೇರೊಬ್ಬರು ಇಟ್ಟುಕೊಳ್ಳುವಂತೆ ಸೂಚಿಸಿದರೆ, ಬಹುತೇಕ ಹಿರಿಯರು ಅದನ್ನು ಅವಮಾನವೆಂದು ಭಾವಿಸುವುದಿಲ್ಲ. ಹಿಂಜರಿಕೆ ಹೆಚ್ಚಾಗಿ ಚಿಕಿತ್ಸಕರದ್ದೇ.

ಚಿಕಿತ್ಸಕರಿಗೆ ಇರುವುದು ಒಂದೇ ಪಾತ್ರವಲ್ಲವೆ?

ಕಾಗದದ ಮೇಲೆ ಒಂದೇ. ಕೋಣೆಯೊಳಗೆ ಅವರು ಹಿರಿಯರಾಗುತ್ತಾರೆ, ಗುರುವಾಗುತ್ತಾರೆ, ಪಂಚಾಯಿತಿದಾರರಾಗುತ್ತಾರೆ, ಕೆಲವೊಮ್ಮೆ ಅರ್ಜಿ ಬರೆದುಕೊಡುವ ಗುಮಾಸ್ತರೂ ಆಗುತ್ತಾರೆ. ಇದರಲ್ಲಿ ತಪ್ಪೇನಿಲ್ಲ. ಬೆಂಗಳೂರಿನಲ್ಲಿ ಕೆಲಸ ಮಾಡಿದ ಮನೋವೈದ್ಯ ಎನ್.ಸಿ. ಸೂರ್ಯ ಮತ್ತು ಅವರ ಸಹೋದ್ಯೋಗಿ ಎಸ್.ಎಸ್. ಜಯರಾಂ 1964ರಷ್ಟು ಹಿಂದೆಯೇ, ಭಾರತದ ರೋಗಿಗಳು ಮನಸ್ಸಿನೊಳಗಿನ ಸಂಘರ್ಷಗಳ ವಿವರಣೆಗಿಂತ ತಮ್ಮ ಪರಿಸ್ಥಿತಿಗೆ ಒದಗುವ ನೇರವಾದ ಆಸರೆಯನ್ನು ಸುಲಭವಾಗಿ ಸ್ವೀಕರಿಸುತ್ತಾರೆ ಎಂದು ಗಮನಿಸಿದ್ದರು. ಮನೋವೈದ್ಯ ಜೆ.ಎಸ್. ನೇಕಿ 1973ರಲ್ಲಿ ಗುರು-ಶಿಷ್ಯ ಸಂಬಂಧವನ್ನೇ ಚಿಕಿತ್ಸೆಯ ಮಾದರಿಯಾಗಿ ಬಳಸಿಕೊಳ್ಳಬಹುದೇ ಎಂಬ ಪ್ರಶ್ನೆಯನ್ನು ಮುಂದಿಟ್ಟರು.

ಅಪಾಯವಿರುವುದು ಪಾತ್ರ ಬದಲಾಗುವುದರಲ್ಲಿ ಅಲ್ಲ, ಯಾರು ಬದಲಿಸಿದರು ಎಂಬುದು ಗಮನಕ್ಕೆ ಬಾರದಿರುವುದರಲ್ಲಿ. ಗಂಡ-ಹೆಂಡಿರ ಜಗಳದಲ್ಲಿ ಹುಡುಗಿಯ ಕಡೆಯ ಹಿರಿಯರೊಬ್ಬರು ಬಂದು "ನೀವೇ ಒಂದು ಮಾತು ಹೇಳಿ ಕಳಿಸಿ, ನಿಮ್ಮ ಮಾತು ಕೇಳ್ತಾಳೆ" ಎಂದಾಗ, ಹಿರಿತನವನ್ನು ಇಷ್ಟಪಡುವ ಚಿಕಿತ್ಸಕರಿಗೆ ಆ ಪಾತ್ರ ಕೂಡಲೇ ಒಗ್ಗಿಬಿಡುತ್ತದೆ. ಕೂಡಿ ಬಾಳಬೇಕೆಂಬುದು ಅವರ ಸ್ವಂತ ನಂಬಿಕೆ. ಅದು ವೃತ್ತಿಪರ ಸಲಹೆಯ ವೇಷ ತೊಟ್ಟು ಹೊರಬರುತ್ತದೆ. ಮನೆಯಲ್ಲಿ ಹೊಡೆತ ಬಡಿತ ನಡೆಯುತ್ತಿದೆಯೇ ಎಂದು ಆ ಹೆಣ್ಣುಮಗಳನ್ನು ಒಬ್ಬಳನ್ನೇ ಕೂರಿಸಿ ಕೇಳುವ ಕೆಲಸ ಉಳಿದುಬಿಡುತ್ತದೆ.

ಚಿಕಿತ್ಸಕರಿಗೂ ಸಿಟ್ಟು, ಬೇಸರ, ಮರುಕ ಬರುತ್ತದೆಯೇ? ಬಂದರೆ ಅದು ಲೋಪವೇ?

ಬರುತ್ತದೆ, ಲೋಪವಲ್ಲ. ರೋಗಿಯ ಕುರಿತು ಚಿಕಿತ್ಸಕರಲ್ಲಿ ಏಳುವ ಭಾವನೆಗಳ ಬಗ್ಗೆ ಸಿಗ್ಮಂಡ್ ಫ್ರಾಯ್ಡ್ 1910ರಲ್ಲೇ ಬರೆದರು. ಕೌಂಟರ್‌ಟ್ರಾನ್ಸ್‌ಫರೆನ್ಸ್ ಎಂದು ಹೆಸರಾದ ಇದನ್ನು ಅವರು ಗುರುತಿಸಿ ಮೀರಬೇಕಾದ ಅಡ್ಡಿಯೆಂದು ಭಾವಿಸಿದ್ದರು. 1950ರಲ್ಲಿ ಮನೋವಿಶ್ಲೇಷಕಿ ಪೌಲಾ ಹೈಮನ್ ಇದಕ್ಕೆ ಬೇರೊಂದು ದಿಕ್ಕು ಕೊಟ್ಟರು: ಚಿಕಿತ್ಸಕರಲ್ಲಿ ಏಳುವ ಭಾವನೆ ರೋಗಿಯ ಮನಸ್ಸನ್ನು ಅರಿಯಲು ನೆರವಾಗುವ ಸಾಧನವೂ ಹೌದು ಎಂದರು. ಇಂದು ತರಬೇತಿಯಲ್ಲಿ ಎರಡನ್ನೂ ಕಲಿಸುತ್ತಾರೆ. ಭಾವನೆ ಎದ್ದಾಗ ಮೊದಲು ಕೇಳಿಕೊಳ್ಳಬೇಕಾದದ್ದು, ಇದು ಎದುರಿನವರ ಬಗ್ಗೆ ಏನನ್ನಾದರೂ ಹೇಳುತ್ತಿದೆಯೇ ಅಥವಾ ನನ್ನ ಬಗ್ಗೆ ಮಾತ್ರವೇ ಎಂದು.

ಒಂದು ಸಂದರ್ಭವನ್ನು ಹತ್ತಿರದಿಂದ ನೋಡೋಣ. ಕಾಫಿ ತೋಟದ ಲೈನ್ ಮನೆಯಲ್ಲಿ, ಅಂದರೆ ಕೂಲಿಕಾರರ ಸಾಲುಮನೆಯಲ್ಲಿ, ಇರುವ ಹೆಂಗಸೊಬ್ಬಳನ್ನು ತೋಟದ ರೈಟರ್ (ಕೂಲಿಕಾರರ ಲೆಕ್ಕ ನೋಡುವ ಗುಮಾಸ್ತ) ತಾಲ್ಲೂಕು ಆಸ್ಪತ್ರೆಗೆ ಕರೆತಂದಿದ್ದಾರೆ. ಎರಡು ಕುರ್ಚಿಗಳಿವೆ, ಮೇಜಿನ ಹತ್ತಿರದ ಕುರ್ಚಿಯಲ್ಲಿ ರೈಟರ್ ಕುಳಿತರು, ಆಕೆ ಬಾಗಿಲ ಬಳಿ ಸೆರಗು ಹಿಡಿದು ನಿಂತಳು. "ಏನು ತೊಂದರೆ?" ಎಂದು ಕೇಳಿದಾಗ ಉತ್ತರಿಸಿದವರು ರೈಟರ್: "ಊಟ ಬಿಟ್ಟಿದ್ದಾಳೆ ಸಾರ್, ಕೆಲಸಕ್ಕೂ ಸರಿಯಾಗಿ ಬರ್ತಿಲ್ಲ." ಹತ್ತು ನಿಮಿಷ ಮಾತು ನಡೆಯಿತು, ಆಕೆಯ ಬಾಯಿಂದ ಒಂದು ಪದವೂ ಬರಲಿಲ್ಲ. ಚಿಕಿತ್ಸಕರು ರೈಟರ್ ಜೊತೆ "ನೀವು" ಎಂದೂ ಆಕೆಯೊಡನೆ "ನೀನು" ಎಂದೂ ಮಾತಾಡಿದರು. ಕೊನೆಗೆ ಅವರಿಗೆ ಆಕೆಯ ಮೇಲೆ ತುಸು ಬೇಸರ ಬಂತು, ಇವಳು ಸಹಕರಿಸುತ್ತಿಲ್ಲವೆಂದು. ಈ ಬೇಸರವನ್ನು ಹಿಡಿದು ನೋಡಿದ್ದರೆ ಆ ಕೋಣೆಯಲ್ಲಿ ಏನು ನಡೆಯುತ್ತಿದೆ ಎಂಬುದು ತಿಳಿಯುತ್ತಿತ್ತು. ರೈಟರನ್ನು ಸ್ವಲ್ಪ ಹೊರಗೆ ಕೂರುವಂತೆ ವಿನಂತಿಸಿ, ಕುರ್ಚಿಯನ್ನು ಆಕೆಯ ಕಡೆ ಎಳೆದು "ಕುಳಿತುಕೊಳ್ಳಿ" ಎನ್ನುವುದಕ್ಕೆ ಯಾವ ಪದವಿಯೂ ಬೇಕಿಲ್ಲ. ಆದರೆ ತೋಟದ ಮಾಲೀಕರ ಮನೆಯಲ್ಲಿ ಬೆಳೆದವರಿಗೂ ಸರ್ಕಾರಿ ಕಚೇರಿಯ ಶಿಷ್ಟಾಚಾರಕ್ಕೆ ಒಗ್ಗಿಹೋದವರಿಗೂ ಅದು ತಾನಾಗಿ ಹೊಳೆಯುವುದಿಲ್ಲ.

ಹೇಳಿದ ದಿನ ಬಾರದವರ ಬಗ್ಗೆ ಚಿಕಿತ್ಸಕರು ಬೇಸರಪಡುತ್ತಾರೆ. ಅದು ನ್ಯಾಯವೇ?

ಹಲವು ಬಾರಿ ನ್ಯಾಯವಲ್ಲ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಹಣ್ಣು ಕೊಯ್ದ ತೂಕದ ಮೇಲೆ ಕೂಲಿ ಸಿಗುವಾಗ ಒಂದು ದಿನ ತಪ್ಪಿಸಿದರೆ ವಾರದ ಬಟವಾಡೆಯಲ್ಲಿ ಅದರ ಏಟು ಗೊತ್ತಾಗುತ್ತದೆ. ಮುಂಗಾರಿನ ಜೋರು ಮಳೆಗೆ ಗುಡ್ಡದ ರಸ್ತೆ ಕುಸಿದರೆ ಬಸ್ಸೇ ಬರುವುದಿಲ್ಲ. ನಗರದಲ್ಲಿ ತರಬೇತಿ ಪಡೆದವರು ಇಂಥ ಗೈರುಹಾಜರಿಯನ್ನು ಚಿಕಿತ್ಸೆಗೆ ಒಡ್ಡುವ ಪ್ರತಿರೋಧವೆಂದು ಕಡತದಲ್ಲಿ ಬರೆಯುವುದುಂಟು. ಪ್ರತಿರೋಧವೆಂಬುದು ಇದ್ದೇ ಇದೆ, ಆದರೆ ಮೊದಲು ಬಸ್ಸಿನ ವೇಳೆಯನ್ನು ಕೇಳಿ ತಿಳಿದುಕೊಳ್ಳುವುದು ಮೇಲು.

ತಾವೇ ನೋವುಂಡ ಚಿಕಿತ್ಸಕರು ಬೇರೆಯವರ ನೋವನ್ನು ಚೆನ್ನಾಗಿ ಅರಿಯುತ್ತಾರೆಯೇ?

ಈ ಪ್ರಶ್ನೆ 2018ರ ಆಗಸ್ಟ್ ತಿಂಗಳ ಭಾರಿ ಮಳೆಯ ನಂತರ ಕೊಡಗಿನಲ್ಲಿ ಹೆಚ್ಚಾಗಿ ಕೇಳಿಬಂದಿದೆ. ಆ ಮಳೆಗೆ ಮಕ್ಕಂದೂರು, ಕಾಲೂರು, ಜೋಡುಪಾಲ ಮುಂತಾದೆಡೆ ಗುಡ್ಡಗಳು ಕುಸಿದು ಮನೆ, ಗದ್ದೆ, ತೋಟ ಮಣ್ಣಿನಡಿ ಹೋದವು. ಮರುವರ್ಷ ತೋರಾದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಮತ್ತೆ ಕುಸಿತಗಳಾಗಿ ಜೀವಹಾನಿಯಾಯಿತು. ಸಂತ್ರಸ್ತರಿಗೆ ನೆರವಾಗುವವರಲ್ಲಿ ಸ್ವತಃ ಸಂತ್ರಸ್ತರು ಇರುವುದು ಇಷ್ಟು ಚಿಕ್ಕ ಜಿಲ್ಲೆಯಲ್ಲಿ ಸಹಜ.

ಗಾಯಗೊಂಡವನೇ ಗಾಯ ಮಾಯಿಸಬಲ್ಲ ಎಂಬ ವಿಚಾರವನ್ನು ಮನೋವೈದ್ಯ ಕಾರ್ಲ್ ಯೂಂಗ್ ಪ್ರಚಾರಕ್ಕೆ ತಂದರು, ಅದಕ್ಕೆ ಒಳ್ಳೆಯ ಹೆಸರೂ ಇದೆ. ನಮ್ಮ ಅಭಿಪ್ರಾಯದಲ್ಲಿ ಅದನ್ನು ಅರ್ಧ ಮಾತ್ರ ಒಪ್ಪಬಹುದು. ತನ್ನ ಮನೆಯ ಹಿಂದಿನ ಬರೆ (ಗುಡ್ಡದ ಕಡಿದಾದ ಬದಿ) ಕುಸಿಯುವ ಸದ್ದು ಕೇಳಿದವರಿಗೆ, ರಾತ್ರಿ ಮಳೆ ಜೋರಾದಾಗ ಮಕ್ಕಳನ್ನು ಎಬ್ಬಿಸಿ ಚಪ್ಪಲಿ ಹಾಕಿಸಿ ಕೂರಿಸುವ ತಾಯಿಯ ನಡವಳಿಕೆಯನ್ನು ವಿವರಿಸಬೇಕಾಗಿಲ್ಲ. ಅಷ್ಟು ಲಾಭ ನಿಜ. ಆದರೆ ಅದೇ ಚಿಕಿತ್ಸಕರು ತಮ್ಮ ದಾರಿಯನ್ನೇ ಎಲ್ಲರ ದಾರಿ ಎಂದುಕೊಳ್ಳುವ ಸಾಧ್ಯತೆಯೂ ಇದೆ. ತಾವು ಊರು ಬಿಟ್ಟು ಪುನರ್ವಸತಿ ಬಡಾವಣೆಯಲ್ಲಿ ನೆಮ್ಮದಿ ಕಂಡಿದ್ದರೆ, ಹಳೆಯ ಜಾಗಕ್ಕೇ ಮರಳುತ್ತೇನೆ ಎನ್ನುವ ಮುದುಕರು ಹಟಮಾರಿಗಳಂತೆ ಕಾಣುತ್ತಾರೆ. ಆ ಮುದುಕರಿಗೆ ಅಲ್ಲಿ ಐನ್‌ಮನೆಯೆಂಬ ಮನೆತನದ ಮೂಲಮನೆಯಿದೆ, ಕಾರಣರ ಅಂದರೆ ಗತಿಸಿದ ಹಿರಿಯರ ಸ್ಥಾನವಿದೆ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ತಮ್ಮ ದುಃಖ ಇನ್ನೂ ಹಸಿಯಾಗಿದ್ದರೆ ಇನ್ನೊಂದು ಬಗೆಯ ತೊಂದರೆ: ಎದುರಿನವರು ಅಳಲು ಶುರುಮಾಡಿದ ಕೂಡಲೇ ಪರಿಹಾರಧನದ ಅರ್ಜಿಯ ಮಾತಿಗೆ ಹೊರಳುತ್ತಾರೆ. ಅರ್ಜಿಯ ಮಾತು ಬೇಕಾದದ್ದೇ, ಅಳು ಮುಗಿದ ಮೇಲೆ.

ನೋವು ಅನುಭವಿಸಿದ್ದು ಅರ್ಹತೆಯೂ ಅಲ್ಲ, ಅನರ್ಹತೆಯೂ ಅಲ್ಲ. ಅದನ್ನು ಬೇರೊಬ್ಬರ ಮುಂದೆ ಇಟ್ಟು ಮಾತಾಡಿ ಹದಕ್ಕೆ ತಂದುಕೊಂಡಿದ್ದಾರೆಯೇ ಎಂಬುದೇ ಮುಖ್ಯ.

ಚಿಕಿತ್ಸಕರು ತಮ್ಮ ಕಥೆಯನ್ನು ಹೇಳಿಕೊಳ್ಳಬಹುದೇ?

ಚಿಕ್ಕದಾಗಿ, ಅಪರೂಪಕ್ಕೆ, ಕೇಳುವವರಿಗೆ ಉಪಯೋಗವಾಗುವಂತಿದ್ದರೆ ಹೇಳಬಹುದು. ಹೇಳಿ ಮುಗಿಸಿದ ಮೇಲೆ ನೀವೇ ಅವರನ್ನು ಸಮಾಧಾನಪಡಿಸಬೇಕಾದ ಸ್ಥಿತಿ ಬಂದರೆ, ಹೇಳಿದ್ದು ನಿಮಗಾಗಿ ಅಲ್ಲ.

ನನ್ನ ಚಿಕಿತ್ಸಕರು ನಮ್ಮ ಮಾವನವರಿಗೆ ಪರಿಚಿತರು. ಗುಟ್ಟು ಉಳಿಯುತ್ತದೆಯೇ?

ಕೊಡಗಿನಲ್ಲಿ ಮನೆತನದ ಹೆಸರು ಹೇಳಿದರೆ ಸಾಕು, ಯಾವ ನಾಡು, ಯಾರ ಮಗಳನ್ನು ತಂದದ್ದು, ಯಾರ ಜೊತೆ ಗದ್ದೆಯ ವ್ಯಾಜ್ಯ ಎಂಬುದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ. ಆದ್ದರಿಂದ ಇದು ಹೆಚ್ಚಿನವರ ಮೊದಲ ಪ್ರಶ್ನೆ, ನ್ಯಾಯವಾದ ಪ್ರಶ್ನೆಯೂ ಹೌದು.

ಕಾನೂನಿನ ಮಾತು ಸ್ಪಷ್ಟವಾಗಿದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 23ನೆಯ ಪ್ರಕರಣ ಮಾನಸಿಕ ಅಸ್ವಸ್ಥತೆಯುಳ್ಳವರಿಗೆ ಗೋಪ್ಯತೆಯ ಹಕ್ಕನ್ನು ಕೊಡುತ್ತದೆ. ನಾಮನಿರ್ದೇಶಿತ ಪ್ರತಿನಿಧಿಗೆ ಅಗತ್ಯ ಮಾಹಿತಿ, ಆರೈಕೆಯಲ್ಲಿ ತೊಡಗಿರುವ ಇತರ ವೃತ್ತಿಪರರಿಗೆ ಮಾಹಿತಿ, ಇನ್ನೊಬ್ಬರಿಗೆ ಆಗಬಹುದಾದ ಹಾನಿ ಅಥವಾ ಜೀವಾಪಾಯವನ್ನು ತಡೆಯುವ ಸಂದರ್ಭ, ನ್ಯಾಯಾಲಯ ಅಥವಾ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಯ ಆದೇಶ ಮುಂತಾದ ಕೆಲವೇ ವಿನಾಯಿತಿಗಳಿವೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಿಳಿದುಬಂದರೆ 2012ರ ಪೋಕ್ಸೊ ಕಾಯ್ದೆಯಂತೆ ವರದಿ ಮಾಡಲೇಬೇಕು. ಮಾವನವರ ಕುತೂಹಲ ಈ ಪಟ್ಟಿಯಲ್ಲಿಲ್ಲ.

ಆದರೂ ಕಾನೂನು ಪಾಲಿಸುವ ಚಿಕಿತ್ಸಕರ ಮನೋಭಾವವೂ ಇಲ್ಲಿ ಸೇರಿಕೊಳ್ಳುತ್ತದೆ. ಎಲ್ಲರಿಗೂ ಬೇಕಾದವರಾಗಿ ಬದುಕಿ ಅಭ್ಯಾಸವಾದವರು ಮದುವೆ ಮಂಟಪದಲ್ಲಿ ನಿಮ್ಮನ್ನು ಕಂಡು "ಈಗ ಹೇಗಿದ್ದೀರಿ, ನಿದ್ದೆ ಬರ್ತಿದೆಯಾ?" ಎಂದು ಪ್ರೀತಿಯಿಂದಲೇ ಕೇಳಿಬಿಡಬಹುದು, ಆ ಪ್ರೀತಿ ಪಕ್ಕದಲ್ಲಿ ನಿಂತ ನಾಲ್ಕು ಜನರಿಗೆ ಸಾಕಷ್ಟು ಮಾಹಿತಿ ಕೊಟ್ಟಿರುತ್ತದೆ. ಮೊದಲ ಭೇಟಿಯಲ್ಲೇ ಇದನ್ನು ಮಾತಾಡಿಕೊಳ್ಳುವುದು ಒಳ್ಳೆಯದು: ವಿರಾಜಪೇಟೆ ಸಂತೆಯಲ್ಲೋ ಸುಗ್ಗಿಹಬ್ಬ ಪುತ್ತರಿಯ ಕೋಲಾಟದಲ್ಲೋ ಎದುರಾದರೆ ಮೊದಲು ಮಾತಾಡಿಸುವವರು ಯಾರು, ಏನೆಂದು ಮಾತಾಡಿಸುವುದು. ಚಿಕಿತ್ಸಕರು ನಿಮ್ಮ ಒಕ್ಕದವರೇ (ಮನೆತನದವರೇ) ಆಗಿದ್ದರೆ, ವ್ಯವಹಾರದ ಸಂಬಂಧ ಇದ್ದರೆ, ಬೇರೆಯವರ ಬಳಿಗೆ ಕಳಿಸಿಕೊಡುವಂತೆ ಕೇಳುವುದು ಅವರಿಗೆ ಮಾಡುವ ಅಗೌರವವಲ್ಲ.

ಭಾಷೆ ಬೇರೆಯಾದರೆ?

ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳಂ, ಬ್ಯಾರಿ, ಯರವ ನುಡಿ, ಜೇನು ಕುರುಬರ ನುಡಿ ಎಲ್ಲವೂ ಇಲ್ಲಿ ಮನೆಯೊಳಗಿನ ಮಾತುಗಳು, ಕನ್ನಡ ಕಚೇರಿಯ ಮತ್ತು ಪೇಟೆಯ ಮಾತು. ಕನ್ನಡದಲ್ಲಿ ಎರಡು ವಾಕ್ಯ ಹೇಳಿ ಸುಮ್ಮನಾಗುವವರನ್ನು ಮಂಕು ಎಂದು ಭಾವಿಸುವುದು ಚಿಕಿತ್ಸಕರ ಪೂರ್ವಗ್ರಹದ ಮಾತಾಯಿತೇ ಹೊರತು ರೋಗಲಕ್ಷಣದ ಮಾತಲ್ಲ. ದುಭಾಷಿ ಬೇಕಾದರೆ ಮನೆಯ ಮಗುವನ್ನೋ ಕೆಲಸ ಕೊಟ್ಟವರನ್ನೋ ಕೂರಿಸದೆ ಆಶಾ ಕಾರ್ಯಕರ್ತೆಯಂಥವರ ನೆರವನ್ನು, ರೋಗಿಯ ಒಪ್ಪಿಗೆ ಪಡೆದು, ಕೇಳಬಹುದು.

ದೈವ, ಕಾರಣರು, ಹರಕೆ ಎಂದು ಮಾತಾಡಿದರೆ ಚಿಕಿತ್ಸಕರು ನಗುವುದಿಲ್ಲವೆ?

ನಗಬಾರದು. ಅವರು ನಂಬಬೇಕೆಂದೇನೂ ಇಲ್ಲ. ಹಿರಿಯರ ಮುನಿಸಿನಿಂದ ಹೀಗಾಯಿತು ಎಂದು ಮನೆಯವರು ಹೇಳಿದಾಗ ಅದರೊಳಗೆ ಆಸ್ತಿ ಪಾಲಿನ ಅಸಮಾಧಾನವೋ ನಡೆಸದೆ ಬಿಟ್ಟ ಕರ್ತವ್ಯದ ಕೊರಗೋ ಇರುವುದುಂಟು. ತಿರಸ್ಕಾರ ತೋರಿದವರಿಗೂ, ತಾವೂ ಅದೇ ನಂಬಿಕೆಯವರಾಗಿ ತಲೆದೂಗಿದವರಿಗೂ ಆ ಒಳಗಿನ ಮಾತು ಸಿಗುವುದಿಲ್ಲ. ಮಾತ್ರೆ ನಿಲ್ಲಿಸಿ ಹರಕೆ ತೀರಿಸುತ್ತೇವೆ ಎಂದಾಗ ಮಾತ್ರ ಚಿಕಿತ್ಸಕರು ಸ್ಪಷ್ಟವಾಗಿ ಅಡ್ಡಿ ಹೇಳಬೇಕು; ಎರಡನ್ನೂ ಒಟ್ಟಿಗೆ ನಡೆಸಲು ಸಾಮಾನ್ಯವಾಗಿ ಯಾರ ಅಭ್ಯಂತರವೂ ಇರುವುದಿಲ್ಲ.

ವರ್ಷಗಳು ಕಳೆದಂತೆ ಚಿಕಿತ್ಸಕರು ನುರಿತವರಾಗುತ್ತಾರಲ್ಲವೆ?

ಹಾಗೆಂದು ನಾವೆಲ್ಲರೂ ನಂಬಿದ್ದೆವು. 170 ಚಿಕಿತ್ಸಕರು ಮತ್ತು ಅವರ 6,591 ರೋಗಿಗಳ ಮಾಹಿತಿಯನ್ನು ಹಲವು ವರ್ಷಗಳವರೆಗೆ ಹಿಂಬಾಲಿಸಿ 2016ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅನುಭವ ಹೆಚ್ಚಿದಂತೆ ಸರಾಸರಿ ಫಲಿತಾಂಶ ಉತ್ತಮವಾಗುವ ಬದಲು ಅತಿ ಸ್ವಲ್ಪವಾದರೂ ಇಳಿಮುಖವಾಗಿದ್ದು ಕಂಡುಬಂತು. ಎಲ್ಲರೂ ಇಳಿಯಲಿಲ್ಲ, ಕೆಲವರು ಏರಿದರು. 2012ರ ಇನ್ನೊಂದು ಅಧ್ಯಯನದಲ್ಲಿ 129 ಮಂದಿ ವೃತ್ತಿಪರರಿಗೆ ತಮ್ಮ ಕೌಶಲವನ್ನು ತಾವೇ ಅಳೆದುಕೊಳ್ಳಲು ಹೇಳಿದಾಗ ಸರಾಸರಿಗಿಂತ ಕೆಳಗೆ ತಮ್ಮನ್ನು ಇರಿಸಿಕೊಂಡವರು ಒಬ್ಬರೂ ಇರಲಿಲ್ಲ. ಎರಡನ್ನೂ ಒಟ್ಟಿಗೆ ಓದಿದರೆ ಕಾರಣದ ಒಂದು ಎಳೆ ಸಿಗುತ್ತದೆ: ಈ ಕೆಲಸದಲ್ಲಿ ತಪ್ಪು ತಾನಾಗಿ ಎದುರು ಬಂದು ನಿಲ್ಲುವುದಿಲ್ಲ. ಸರಿಹೋಗದ ರೋಗಿ ಸುಮ್ಮನೆ ಬರುವುದನ್ನು ನಿಲ್ಲಿಸುತ್ತಾರೆ, ಚಿಕಿತ್ಸಕರು ಅವರು ಗುಣವಾದರೆಂದು ಭಾವಿಸುತ್ತಾರೆ.

ಹೀಗಾಗಿಯೇ ಮೇಲ್ವಿಚಾರಣೆ, ಅಂದರೆ ತಮ್ಮ ಕೆಲಸವನ್ನು ಇನ್ನೊಬ್ಬ ನುರಿತವರ ಮುಂದಿಟ್ಟು ನಿಯಮಿತವಾಗಿ ಚರ್ಚಿಸುವ ಪದ್ಧತಿ, ಬೇಕೇಬೇಕು. ಸಂಶೋಧಕರಾದ ಆರ್ಲಿನ್ಸ್ಕಿ ಮತ್ತು ರೊನ್ನೆಸ್ಟಾಡ್ ಹಲವು ದೇಶಗಳ ಸುಮಾರು 5,000 ಚಿಕಿತ್ಸಕರನ್ನು ಕೇಳಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವೃತ್ತಿಯ ಬೆಳವಣಿಗೆಗೆ ನೆರವಾದ ಅಂಶಗಳಲ್ಲಿ ರೋಗಿಗಳೊಂದಿಗಿನ ನೇರ ಕೆಲಸ, ಮೇಲ್ವಿಚಾರಣೆ ಮತ್ತು ಸ್ವತಃ ಪಡೆದ ಚಿಕಿತ್ಸೆ ಮುಂಚೂಣಿಯಲ್ಲಿದ್ದವು. ಮಡಿಕೇರಿಯಲ್ಲಿ ಒಬ್ಬರೇ ಕುಳಿತು ಕೆಲಸ ಮಾಡುವವರಿಗೆ ಇದು ಸುಲಭವಲ್ಲ ಎಂಬುದು ನಿಜ, ಆದರೆ ಫೋನಿನಲ್ಲೋ ವೀಡಿಯೊ ಮೂಲಕವೋ ಮೈಸೂರಿನ, ಬೆಂಗಳೂರಿನ ಹಿರಿಯರೊಂದಿಗೆ ಮಾತಾಡುವುದಕ್ಕೆ ಈಗ ಘಟ್ಟ ಇಳಿಯಬೇಕಾಗಿಲ್ಲ. ಸಮಯವಿಲ್ಲ ಎಂಬ ನೆಪವನ್ನು ನಾವು ಒಪ್ಪುವುದಿಲ್ಲ.

ಚಿಕಿತ್ಸಕರೂ ಚಿಕಿತ್ಸೆ ತೆಗೆದುಕೊಳ್ಳಬೇಕೇ?

ಮನೋವಿಶ್ಲೇಷಕರು ಐದು ವರ್ಷಕ್ಕೊಮ್ಮೆಯಾದರೂ ಮತ್ತೆ ವಿಶ್ಲೇಷಣೆಗೆ ಒಳಗಾಗಬೇಕೆಂದು ಫ್ರಾಯ್ಡ್ 1937ರಲ್ಲಿ ಸಲಹೆ ಮಾಡಿದ್ದರು. ಕಡ್ಡಾಯ ಮಾಡಬೇಕೇ ಎಂಬುದರಲ್ಲಿ ಭಿನ್ನಾಭಿಪ್ರಾಯವಿದೆ. ಬೇಕಾದಾಗ ನಾಚಿಕೆಯಿಲ್ಲದೆ ತೆಗೆದುಕೊಳ್ಳಬೇಕು ಎಂಬುದರಲ್ಲಿ ಇರಬಾರದು.

ದಣಿದ ಚಿಕಿತ್ಸಕರನ್ನು ಗುರುತಿಸುವುದು ಹೇಗೆ?

ಕೆಲಸದಿಂದ ಬಸವಳಿಯುವ ಸ್ಥಿತಿಯನ್ನು ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ 1974ರಲ್ಲಿ ವಿವರಿಸಿದರು. ಇತರರ ಆಘಾತದ ಕಥೆಗಳನ್ನು ಕೇಳುತ್ತ ಕೇಳುವವರ ಲೋಕದೃಷ್ಟಿಯೇ ಬದಲಾಗಿಬಿಡುವುದನ್ನು ಮೆಕ್ಯಾನ್ ಮತ್ತು ಪರ್ಲ್‌ಮನ್ 1990ರಲ್ಲಿ ವಿವರಿಸಿದರು. ದಣಿವಿನ ಗುರುತುಗಳು ಸಣ್ಣವು. ನಿಮ್ಮ ಮಾತು ಮುಗಿಯುವ ಮೊದಲೇ ಉತ್ತರ ಸಿದ್ಧವಾಗಿರುತ್ತದೆ, ಹಿಂದಿನ ಬಾರಿ ಹೇಳಿದ್ದು ನೆನಪಿರುವುದಿಲ್ಲ, ಎಲ್ಲರಿಗೂ ಒಂದೇ ಉಸಿರಾಟದ ಅಭ್ಯಾಸ. ದಣಿದವರು ಹೆಚ್ಚಾಗಿ ಅಧಿಕಾರಿಯ ಪಾತ್ರಕ್ಕೆ ಸರಿಯುತ್ತಾರೆ, ಏಕೆಂದರೆ ಅದು ಎಲ್ಲಕ್ಕಿಂತ ಕಡಿಮೆ ಶಕ್ತಿ ಬೇಡುವ ಪಾತ್ರ.

ಯಾರ ಬಳಿ ಹೋಗಬೇಕು, ತೊಂದರೆಯಾದರೆ ಯಾರಿಗೆ ಹೇಳಬೇಕು?

ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾಗಿರಬೇಕು; ನೋಂದಣಿ ಸಂಖ್ಯೆ ಕೇಳುವುದು ನಿಮ್ಮ ಹಕ್ಕು. ಮನೋವೈದ್ಯರ ವರ್ತನೆಯ ಬಗೆಗಿನ ದೂರನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿಗೂ, ಚಿಕಿತ್ಸಾ ಮನಶ್ಶಾಸ್ತ್ರಜ್ಞರ ಬಗೆಗಿನ ದೂರನ್ನು ಪುನರ್ವಸತಿ ಪರಿಷತ್ತಿಗೂ, ಆರೈಕೆಯಲ್ಲಿ ಹಕ್ಕುಗಳ ಉಲ್ಲಂಘನೆಯಾಗಿದ್ದರೆ 2017ರ ಕಾಯ್ದೆಯಡಿಯ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೂ ಕೊಡಬಹುದು. ದೂರಿನ ಮಟ್ಟಕ್ಕೆ ಹೋಗದ ಅಸಮಾಧಾನವನ್ನು ಮೊದಲು ಚಿಕಿತ್ಸಕರಿಗೇ ಹೇಳಿ ನೋಡಿ: "ಹೋದ ಸಲ ನೀವು ನಮ್ಮ ಅತ್ತೆಯವರ ಪರ ಮಾತಾಡಿದಂತೆ ನನಗೆ ಅನಿಸಿತು." ಇದಕ್ಕೆ ಅವರು ಸಮರ್ಥನೆ ಕೊಡುತ್ತಾರೋ, ಒಂದು ಕ್ಷಣ ನಿಂತು ಯೋಚಿಸುತ್ತಾರೋ ಎಂಬುದರಿಂದ ಮುಂದೆ ಅವರಲ್ಲಿಗೆ ಹೋಗಬೇಕೇ ಎಂಬುದನ್ನು ನಿರ್ಧರಿಸಬಹುದು.

ಕೂಡಲೇ ಯಾರೊಡನೆಯಾದರೂ ಮಾತಾಡಬೇಕೆನಿಸಿದರೆ, ಪರಿಚಿತರ ಕಣ್ಣಿಗೆ ಬೀಳುವ ಅಳುಕಿದ್ದರೆ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ. ಜೀವಕ್ಕೆ ಅಪಾಯವಿದೆ ಎನಿಸಿದರೆ ಹತ್ತಿರದ ಆಸ್ಪತ್ರೆಗೆ ಹೋಗಿ, ಅಥವಾ 108ಕ್ಕೆ ಕರೆ ಮಾಡಿ.